ಸಹೋದರನ ಸಾಲ: ಚರ್ಚ್ ಎಂಬ ಮನೆಯಲ್ಲಿ ಕ್ಷಮೆಯ ಲೆಕ್ಕ

ಸಹೋದರ ಎಂಬ ಪದವನ್ನು ಬಿಡಿಸಿದರೆ ಒಳಗೊಂದು ಹೊಟ್ಟೆ ಸಿಗುತ್ತದೆ. ಸಹ, ಉದರ: ಒಂದೇ ಒಡಲಲ್ಲಿ ಬೆಳೆದವರು. ಬೈಬಲಿನ ಹೊಸ ಒಡಂಬಡಿಕೆಯ ಮೂಲ ಭಾಷೆಯಾದ ಗ್ರೀಕಿನ 'ಅಡೆಲ್ಫೊಸ್' ಕೂಡ ಹೀಗೇ ಹುಟ್ಟಿದ್ದು. ಅದರೊಳಗಿರುವ 'ಡೆಲ್ಫಿಸ್' ಎಂದರೆ ಗರ್ಭ. ಆದಿ ಚರ್ಚಿನ ಪ್ರಚಾರಕ ಪೌಲನ ಪತ್ರಗಳಲ್ಲಿ ಈ ಪದ ನೂರಕ್ಕೂ ಹೆಚ್ಚು ಸಲ ಬರುತ್ತದೆ. ಅವನು ಹಾಗೆ ಕರೆಯುತ್ತಿದ್ದವರಲ್ಲಿ ಬಹುತೇಕ ಯಾರೂ ಅವನ ರಕ್ತಸಂಬಂಧಿಗಳಲ್ಲ. ಯೆಹೂದ್ಯ, ಗ್ರೀಕ, ದಾಸ, ದಾಸನ ಒಡೆಯ, ವಿಧವೆ, ವ್ಯಾಪಾರಿ, ಎಲ್ಲರೂ ಒಂದೇ ಹೊಟ್ಟೆಯವರು ಎಂದು ಅವನು ಬರೆದ.

ಹೊರಗಿನವರಿಗೆ ಇದು ವಿಚಿತ್ರವಾಗಿ ಕಂಡಿತು. ಅಣ್ಣ ತಂಗಿ ಎಂದು ಕರೆದುಕೊಳ್ಳುತ್ತಾರೆ, ಮುದ್ದಿಟ್ಟು ವಂದಿಸುತ್ತಾರೆ, ತಮ್ಮತಮ್ಮಲ್ಲೇ ಮದುವೆಯನ್ನೂ ಆಗುತ್ತಾರೆ! ಎರಡನೆಯ ಶತಮಾನದ ಕ್ರೈಸ್ತರ ಮೇಲೆ ಅಗಮ್ಯಗಮನದ ಅಪವಾದವೇ ಬಂತು. ಸುಮಾರು 177ರಲ್ಲಿ ಅಥೆನಾಗೊರಸ್ ಎಂಬ ಅಥೆನ್ಸಿನ ಕ್ರೈಸ್ತ ಚಿಂತಕ ರೋಮನ್ ಚಕ್ರವರ್ತಿಗಳಿಗೆ ಬರೆದ ಮನವಿಯಲ್ಲಿ ಈ ಆರೋಪಕ್ಕೂ ಉತ್ತರ ಹೇಳಬೇಕಾಯಿತು.

ಇಂದು ಆ ಪದಕ್ಕೆ ಅಂಥ ಕಾವಿಲ್ಲ. 'ಬ್ರದರ್', 'ಸಿಸ್ಟರ್' ಎನ್ನುವುದು ಹೆಸರು ಮರೆತಾಗಲೂ ಒದಗುವ ಸಂಬೋಧನೆಯಾಗಿದೆ. ಆ ಪದದ ತೂಕ ಗೊತ್ತಾಗುವುದು ಸಹೋದರನೊಬ್ಬ ತಪ್ಪು ಮಾಡಿದ ದಿನ. ಆಗ ಸಭೆಯಲ್ಲಿ ಕೇಳಿಬರುವ ಮೂರು ಮಾತುಗಳನ್ನು ಗಮನಿಸಿ: "ಕ್ಷಮಿಸಿಬಿಡಿ", "ನಾವೆಲ್ಲಾ ಒಂದೇ ಕುಟುಂಬ", "ಮೊದಲಿನ ಹಾಗೆ ಇರೋಣ". ಮೂರೂ ಒಂದೇ ಮಾತು ಎಂಬಂತೆ ಒಂದೇ ಉಸಿರಿನಲ್ಲಿ ಬರುತ್ತವೆ. ಆದರೆ ಇವು ಮೂರು ಬೇರೆ ಬೇರೆ ಸಂಗತಿಗಳು. ಎರಡು ಸಾವಿರ ವರ್ಷಗಳಲ್ಲಿ ಚರ್ಚು ಮತ್ತೆ ಮತ್ತೆ ಜಗಳವಾಡಿದ್ದು ಇವುಗಳ ನಡುವಿನ ಅಂತರ ಎಷ್ಟು ಎಂಬುದರ ಬಗ್ಗೆಯೂ.

ಮನೆಯೊಳಗೆ ಬಂದದ್ದು ಹೇಗೆ

ಮೊದಲು ಕುಟುಂಬ ಎಂಬ ಮಾತನ್ನೇ ನೋಡೋಣ. ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಒಂದಾದ ಮಾರ್ಕನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಯೇಸುವಿನ ತಾಯಿಯೂ ತಮ್ಮಂದಿರೂ ಹೊರಗೆ ನಿಂತು ಅವನನ್ನು ಕರೆಕಳುಹಿಸುತ್ತಾರೆ. ಅವನು ಸುತ್ತ ಕೂತವರನ್ನು ನೋಡಿ, ದೇವರ ಚಿತ್ತದಂತೆ ನಡೆಯುವವರೇ ನನಗೆ ತಮ್ಮ, ತಂಗಿ, ತಾಯಿ ಎನ್ನುತ್ತಾನೆ. ಕುಲ, ಮನೆತನವೇ ಮನುಷ್ಯನ ಗುರುತಾಗಿದ್ದ ಲೋಕದಲ್ಲಿ ಇದು ಕಠಿಣವಾದ ಮಾತು. ಹತ್ತನೆಯ ಅಧ್ಯಾಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮನೆ, ಅಣ್ಣತಮ್ಮ, ಅಕ್ಕತಂಗಿ, ತಾಯಿ, ತಂದೆ, ಮಕ್ಕಳು, ಹೊಲಗದ್ದೆ ಬಿಟ್ಟುಬಂದವರಿಗೆ ನೂರರಷ್ಟು ಸಿಗುತ್ತದೆ ಎಂದು ಯೇಸು ಹೇಳುವಾಗ, ತಿರುಗಿ ಸಿಗುವವರ ಪಟ್ಟಿಯಲ್ಲಿ ತಂದೆ ಮಾತ್ರ ಇಲ್ಲ. ಆ ಜಾಗ ಆಗಲೇ ತುಂಬಿದೆ ಎಂದು ಅನೇಕ ವ್ಯಾಖ್ಯಾನಕಾರರು ಓದುತ್ತಾರೆ: ಈ ಮನೆಯಲ್ಲಿ ದೇವರೊಬ್ಬನೇ ತಂದೆ, ಉಳಿದವರೆಲ್ಲ ಒಡಹುಟ್ಟಿದವರು. ಯಜಮಾನಿಕೆ ನಡೆಸಲು ಹೊರಟ ಎಷ್ಟೋ ಸಭಾಪಾಲಕರಿಗೆ ಈ ಖಾಲಿ ಜಾಗ ಕಾಣುವುದಿಲ್ಲ.

ಹಾಗಂತ ಹುಟ್ಟಿದ ಮನೆ ರದ್ದಾಗಲಿಲ್ಲ. ಯೋಹಾನನ ಸುವಾರ್ತೆಯ ಪ್ರಕಾರ, ಅದೇ ಯೇಸು ಶಿಲುಬೆಯ ಮೇಲಿಂದ ತಾಯಿಯನ್ನು ಶಿಷ್ಯನೊಬ್ಬನ ಕೈಗೆ ಒಪ್ಪಿಸುತ್ತಾನೆ. ತಿಮೊಥೆಯನಿಗೆ ಬರೆದ ಮೊದಲ ಪತ್ರವಂತೂ, ತನ್ನ ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕಡೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತದೆ. ಸಭೆಯ ಕೆಲಸ ಎಂದು ಮನೆಯನ್ನು ಮರೆತವರು ಆಗಲೂ ಇದ್ದರೆಂದು ಕಾಣುತ್ತದೆ.

ಈ ಹೊಸ ಮನೆಗೆ ಸೇರುವ ದಾರಿಗೆ ಪೌಲ ಬಳಸಿದ ಪದ ದತ್ತು. ಗ್ರೀಕಿನ 'ಹುಯೊಥೆಸಿಯ' ಹೊಸ ಒಡಂಬಡಿಕೆಯಲ್ಲಿ 5 ಕಡೆ ಬರುತ್ತದೆ, ಐದೂ ಪೌಲನ ಹೆಸರಿನ ಪತ್ರಗಳಲ್ಲೇ. ನಾವು ದತ್ತು ಎಂದರೆ ತೊಟ್ಟಿಲ ಕೂಸನ್ನು ನೆನೆಯುತ್ತೇವೆ. ರೋಮನ್ನರಲ್ಲಿ ದತ್ತು ಹೋಗುತ್ತಿದ್ದವರಲ್ಲಿ ಬೆಳೆದು ನಿಂತ ಗಂಡಸರೇ ಹೆಚ್ಚು. ಕ್ರಿ.ಶ. 4ರಲ್ಲಿ ಔಗುಸ್ತ ಚಕ್ರವರ್ತಿ ತಿಬೇರಿಯನನ್ನು ಮಗನಾಗಿ ತೆಗೆದುಕೊಂಡಾಗ ತಿಬೇರಿಯನಿಗೆ ನಲವತ್ತು ದಾಟಿತ್ತು. ಸ್ವತಂತ್ರನಾದ ವಯಸ್ಕನೊಬ್ಬ ಹೀಗೆ ದತ್ತು ಹೋದರೆ, ಹಳೆಯ ಕಾನೂನಿನ ಪ್ರಕಾರ ಅವನ ಹಿಂದಿನ ಸಾಲಗಳು ಅಳಿದುಹೋಗುತ್ತಿದ್ದವು. ಹೊಸ ಮನುಷ್ಯ, ಹೊಸ ಲೆಕ್ಕ. ಸಾಲ ಕೊಟ್ಟವರು ಬಾಯಿ ಬಡಿದುಕೊಳ್ಳುವ ಸ್ಥಿತಿ ಬಂದು, ಅವರಿಗೂ ಏನಾದರೂ ದಕ್ಕಲೆಂದು ನ್ಯಾಯಾಧಿಕಾರಿಗಳು ಆಮೇಲೆ ದಾರಿ ಮಾಡಬೇಕಾಯಿತು.

ಇಲ್ಲೇ ಗುಟ್ಟಿರುವುದು. ಸಾಲ ಅಳಿದರೂ ನಷ್ಟ ಎಲ್ಲಿಗೂ ಹೋಗುವುದಿಲ್ಲ, ಯಾರದೋ ಹೆಗಲಿಗೆ ಬೀಳುತ್ತದೆ. ಚರ್ಚಿನ ಕ್ಷಮೆಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಈ ನಷ್ಟದ ಹೆಜ್ಜೆಗುರುತನ್ನು ಹಿಡಿದು ಹೋಗಬೇಕು.

ಹೊಟ್ಟೆಗೆ ಹಾಕಿಕೊಳ್ಳುವುದೋ, ಬಿಡುವುದೋ

ಕನ್ನಡದಲ್ಲಿ ಕ್ಷಮಿಸು ಎಂದಾಗ ಕಿವಿಗೆ ಮೊದಲು ಕೇಳುವುದು ತಾಳ್ಮೆ. ಭೂಮಿಗೇ ಕ್ಷಮೆ ಎಂಬ ಹೆಸರಿದೆ, ಎಷ್ಟು ತುಳಿದರೂ ತಡೆದುಕೊಳ್ಳುತ್ತಾಳೆ ಎಂದು. "ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ" ಎನ್ನುತ್ತೇವೆ, ಅಂದರೆ ನುಂಗಿಕೊಳ್ಳಿ, ಹೊರಗೆ ಬಿಡಬೇಡಿ. ಸುವಾರ್ತೆಗಳಲ್ಲಿ ಕ್ಷಮೆಗೆ ಹೆಚ್ಚಾಗಿ ಬಳಕೆಯಾಗುವ ಗ್ರೀಕ್ ಕ್ರಿಯಾಪದ 'ಅಫಿಯೆಮಿ'ಯಲ್ಲಿ ನುಂಗುವ ಅರ್ಥವೇ ಇಲ್ಲ. ಅದರ ಅರ್ಥ ಬಿಟ್ಟುಬಿಡು, ಹೋಗಗೊಡು. ಬೆಸ್ತರು ಬಲೆಗಳನ್ನು ಬಿಟ್ಟು ಯೇಸುವಿನ ಹಿಂದೆ ಹೋದರು ಎನ್ನುವಲ್ಲಿ ಇರುವುದೂ ಇದೇ ಕ್ರಿಯಾಪದ. ಸಾಲ ಮನ್ನಾ ಮಾಡುವುದಕ್ಕೂ ಇದೇ. ಕರ್ತನ ಪ್ರಾರ್ಥನೆಯಲ್ಲಿ ನಾವು 'ತಪ್ಪು' ಎಂದು ಹೇಳುವ ಕಡೆ ಮತ್ತಾಯನ ಗ್ರೀಕ್ ಪಾಠದಲ್ಲಿರುವುದು 'ಸಾಲ'.

ಈ ವ್ಯತ್ಯಾಸ ಬರೀ ಪಂಡಿತರ ಕಸರತ್ತಲ್ಲ. ನುಂಗಿಕೊ ಎಂದರೆ ತಪ್ಪಿನ ಬಗ್ಗೆ ಮಾತೇ ಆಡಬೇಡ ಎಂದಾಗುತ್ತದೆ. ಸಾಲ ಬಿಡು ಎಂದರೆ ಮೊದಲು ಸಾಲ ಎಷ್ಟು ಎಂದು ಎಣಿಸಲೇಬೇಕು. ಲೆಕ್ಕ ಹಾಕದ ಸಾಲವನ್ನು ಯಾರೂ ಮನ್ನಾ ಮಾಡಲಾರರು.

ಯೇಸು ಹೇಳಿದ ಒಂದು ಸಾಮ್ಯ, ಅಂದರೆ ನೀತಿಕಥೆ, ಹಾಗೆಯೇ ಲೆಕ್ಕದಿಂದ ಶುರುವಾಗುತ್ತದೆ. ಮತ್ತಾಯನ ಹದಿನೆಂಟನೆಯ ಅಧ್ಯಾಯದಲ್ಲಿ ಅರಸನೊಬ್ಬ ತನ್ನ ಸೇವಕರ ಲೆಕ್ಕ ತೆಗೆಯುತ್ತಾನೆ. ಒಬ್ಬ 10,000 ತಲಾಂತು ಕೊಡಬೇಕು. ಒಂದು ತಲಾಂತಿಗೆ ಸುಮಾರು 6,000 ದಿನಾರಿ, ಒಂದು ದಿನಾರಿ ಕೂಲಿಯವನ ಒಂದು ದಿನದ ಸಂಬಳ. ಅಂದರೆ ಆರು ಕೋಟಿ ದಿನಗಳ ಕೂಲಿ. ವರ್ಷಕ್ಕೆ ಮುನ್ನೂರು ದಿನ ದುಡಿದರೂ ತೀರಲು ಎರಡು ಲಕ್ಷ ವರ್ಷ ಬೇಕು. "ತಾಳಿಕೊ, ಎಲ್ಲಾ ತೀರಿಸುತ್ತೇನೆ" ಎಂದು ಆ ಸೇವಕ ಅಡ್ಡಬೀಳುತ್ತಾನೆ, ಕೇಳುತ್ತಿದ್ದವರು ಬಹುಶಃ ನಕ್ಕಿರಬೇಕು. ಅರಸ ಕೇಳಿದ ತಾಳ್ಮೆಯನ್ನು ಕೊಡದೆ ಸಾಲವನ್ನೇ ಬಿಟ್ಟುಬಿಡುತ್ತಾನೆ. ಅಷ್ಟೂ ನಷ್ಟ ಅರಸನ ಬೊಕ್ಕಸಕ್ಕೆ. ಹೊರಗೆ ಬಂದ ಸೇವಕ ತನಗೆ 100 ದಿನಾರಿ ಕೊಡಬೇಕಾದ ಜೊತೆ ಸೇವಕನ ಕುತ್ತಿಗೆ ಹಿಡಿಯುತ್ತಾನೆ. ನೂರು ದಿನಾರಿ ಸಣ್ಣ ಮೊತ್ತವೇನಲ್ಲ, ಮೂರು ತಿಂಗಳು ಮೀರಿದ ದುಡಿಮೆ. ಸಾಮ್ಯದ ನ್ಯಾಯ ಇರುವುದೇ ಅಲ್ಲಿ: ನಿನಗಾದ ಅನ್ಯಾಯ ಪುಡಿಗಾಸು ಎಂದು ಅದು ಹೇಳುವುದಿಲ್ಲ. ಅದು ನಿಜವಾದ ಸಾಲ. ಆರು ಲಕ್ಷ ಪಟ್ಟು ದೊಡ್ಡದರ ಪಕ್ಕದಲ್ಲಿ ಇಟ್ಟು ನೋಡು ಎನ್ನುತ್ತದೆ ಅಷ್ಟೆ.

ಇನ್ನು ಆ ಮೂರು ಮಾತುಗಳಿಗೆ ಬರೋಣ. ಒಂದು ಸಭೆಯ ಕಾಣಿಕೆ ಹಣ ನೋಡಿಕೊಳ್ಳುವ ಖಜಾಂಚಿ ಎರಡು ವರ್ಷ ಸ್ವಲ್ಪ ಸ್ವಲ್ಪವಾಗಿ ಹಣ ತೆಗೆದಿದ್ದಾನೆ ಎಂದಿಟ್ಟುಕೊಳ್ಳಿ. ಸಿಕ್ಕಿಬಿದ್ದ, ಅತ್ತ, ತಪ್ಪೊಪ್ಪಿಕೊಂಡ. ಅವನ ಮೇಲಿನ ಹಗೆ ಬಿಡುವುದು ಒಂದು ಸಂಗತಿ. ಅವನ ಜೊತೆ ಮತ್ತೆ ಕೂತು ರೊಟ್ಟಿ ಮುರಿಯುವುದು ಇನ್ನೊಂದು. ಪೆಟ್ಟಿಗೆಯ ಬೀಗದ ಕೈಯನ್ನು ಅವನಿಗೆ ಮತ್ತೆ ಕೊಡುವುದು ಮೂರನೆಯದು. ಮೊದಲನೆಯದಕ್ಕೆ ಒಬ್ಬರು ಸಾಕು. ಎರಡನೆಯದಕ್ಕೆ ಇಬ್ಬರೂ ಬರಬೇಕು. ಮೂರನೆಯದನ್ನು ತೀರ್ಮಾನಿಸಬೇಕಾದವರು, ಆ ಪೆಟ್ಟಿಗೆಗೆ ಹಣ ಹಾಕಿದವರೆಲ್ಲರೂ.

ಬೈಬಲ್ ಇದನ್ನು ಹೀಗೆ ಪಟ್ಟಿ ಮಾಡಿಕೊಟ್ಟಿಲ್ಲ, ಆದರೆ ಎರಡು ವಚನಗಳನ್ನು ಅಕ್ಕಪಕ್ಕ ಇಟ್ಟರೆ ಬಿರುಕು ಕಾಣುತ್ತದೆ. ಮಾರ್ಕ 11:25ರಲ್ಲಿ ಯೇಸು, ಪ್ರಾರ್ಥನೆಗೆ ನಿಂತಾಗ ಯಾರ ಮೇಲಾದರೂ ಏನಾದರೂ ಇದ್ದರೆ ಬಿಟ್ಟುಬಿಡಿ ಎನ್ನುತ್ತಾನೆ. ತಪ್ಪು ಮಾಡಿದವನು ಅಲ್ಲಿ ಇಲ್ಲವೇ ಇಲ್ಲ, ಅವನು ಪಶ್ಚಾತ್ತಾಪಪಟ್ಟನೋ ಎಂಬ ಪ್ರಶ್ನೆಯೂ ಇಲ್ಲ. ಲೂಕ 17:3ರಲ್ಲಿ ಬೇರೆ ರಾಗ: ಸಹೋದರ ತಪ್ಪು ಮಾಡಿದರೆ ಗದರಿಸು, ಪಶ್ಚಾತ್ತಾಪಪಟ್ಟರೆ ಕ್ಷಮಿಸು. ಇವೆರಡೂ ಒಂದಕ್ಕೊಂದು ವಿರುದ್ಧ ಎಂದು ವಾದಿಸುವವರಿದ್ದಾರೆ. ಮೊದಲನೆಯದು ಹಗೆ ಬಿಡುವುದರ ಬಗ್ಗೆ, ಎರಡನೆಯದು ಸಂಬಂಧ ಕೂಡಿಸುವುದರ ಬಗ್ಗೆ ಎಂದು ನಾನು ಓದುತ್ತೇನೆ. ಒಂಟಿಯಾಗಿ ಮಾಡಬಹುದಾದದ್ದು ಒಂದು, ಮಾಡಲಾಗದ್ದು ಇನ್ನೊಂದು.

ಸುಂಕದವನ ಹಾಗೆ

ಸುವಾರ್ತೆಗಳಲ್ಲಿ ಸಭೆ ಎಂಬರ್ಥದ 'ಎಕ್ಲೇಸಿಯ' ಪದ ಇರುವುದು ಮತ್ತಾಯನಲ್ಲಿ ಮಾತ್ರ, ಅದೂ ಎರಡೇ ಅಧ್ಯಾಯಗಳಲ್ಲಿ. ಅದರಲ್ಲೊಂದು, ಸಹೋದರ ತಪ್ಪು ಮಾಡಿದರೆ ಏನು ಮಾಡಬೇಕು ಎನ್ನುವ ಈ ಹದಿನೆಂಟನೆಯ ಅಧ್ಯಾಯ. ಮೊದಲು ನೀನೊಬ್ಬನೇ ಹೋಗಿ ಅವನಿಗೆ ತಿಳಿಸು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ಸಭೆಯ ಮಾತನ್ನೂ ಕೇಳದಿದ್ದರೆ ಅವನು ನಿನಗೆ ಅನ್ಯನಂತೆಯೂ ಸುಂಕದವನಂತೆಯೂ ಇರಲಿ. ಮೊದಲ ಹೆಜ್ಜೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ ಎಂಬುದು ಮುಖ್ಯ. ತಪ್ಪು ಮಾಡಿದವನ ಮಾನ ಕಾಯುವ ಕ್ರಮ ಇದು. ನಾವು ಮಾಡುವುದು ಸಾಮಾನ್ಯವಾಗಿ ತಿರುಗಾಮುರುಗಾ: ಊರಿಗೆಲ್ಲ ಹೇಳಿ ಕೊನೆಗೆ ಅವನಿಗೆ ಹೇಳುತ್ತೇವೆ.

ಸುಂಕದವರು ಎಂದರೆ ಸುಂಕ ವಸೂಲಿ ಮಾಡಿ ಜನರ ತಿರಸ್ಕಾರಕ್ಕೆ ಗುರಿಯಾದವರು. ಸುಂಕದವನಂತೆ ಇರಲಿ ಎಂಬ ಮಾತನ್ನು ಬಹಿಷ್ಕಾರಕ್ಕೆ ಸಿಕ್ಕ ಪರವಾನಗಿ ಎಂದು ಓದಿದವರೇ ಹೆಚ್ಚು. ಆದರೆ ಆ ಸುವಾರ್ತೆಯಲ್ಲಿ ಸುಂಕದವರ ಜೊತೆ ಊಟಕ್ಕೆ ಕೂತು ಬೈಗುಳ ತಿಂದವನು ಯೇಸುವೇ. ಸುವಾರ್ತೆಗೆ ಹೆಸರು ಕೊಟ್ಟ ಮತ್ತಾಯನೇ ಸುಂಕದ ಕಟ್ಟೆಯಿಂದ ಎದ್ದುಬಂದವನು. ಹೊರಗಿನವನು ಎಂದರೆ ಮತ್ತೆ ಮೊದಲಿನಿಂದ ಕರೆಯಬೇಕಾದವನು ಎಂದೂ ಆಗುತ್ತದೆ.

ಇದರ ಬೆನ್ನಿಗೇ ಶಿಷ್ಯ ಪೇತ್ರ ಕೇಳುತ್ತಾನೆ: ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೋ? ಉತ್ತರ, ಎಪ್ಪತ್ತೇಳು ಸಲ ಎಂದೂ ಏಳೆಪ್ಪತ್ತು ಸಲ ಎಂದೂ ಓದಬಹುದಾದ ಗ್ರೀಕ್ ಪದಗುಚ್ಛ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದಲ್ಲಿ ಕಾಯಿನನ ವಂಶದ ಲೆಮೆಕ ತನಗೆ ಎಪ್ಪತ್ತೇಳರಷ್ಟು ಸೇಡು ಸಲ್ಲಬೇಕೆಂದು ಹೆಂಡಂದಿರ ಮುಂದೆ ಜಂಬ ಕೊಚ್ಚಿದ್ದ. ಅಣ್ಣ ತಮ್ಮನನ್ನು ಕೊಂದ ಮನೆತನದ ಆ ಅಂಕಿಯನ್ನು ಯೇಸು ತಲೆಕೆಳಗು ಮಾಡಿದ.

ನನ್ನ ಲೆಕ್ಕಕ್ಕೆ ಹಾಕು

ಇದೆಲ್ಲ ನಿಜಜೀವನದಲ್ಲಿ ಹೇಗಿರುತ್ತದೆ ಎಂದು ತೋರಿಸುವ ಒಂದು ಕಾಗದ ಉಳಿದಿದೆ. ಪೌಲ ಸೆರೆಯಿಂದ ಫಿಲೆಮೋನನಿಗೆ ಬರೆದದ್ದು, ಬರೀ 25 ವಚನ. ಫಿಲೆಮೋನನ ಮನೆಯ ದಾಸ ಓನೇಸಿಮ ಮನೆ ಬಿಟ್ಟು ಬಂದು ಪೌಲನ ಬಳಿ ಇದ್ದ, ಅಲ್ಲೇ ಕ್ರೈಸ್ತನಾದ. ಅವನನ್ನು ಪೌಲ ವಾಪಸ್ಸು ಕಳುಹಿಸುತ್ತಿದ್ದಾನೆ, ಕೈಯಲ್ಲಿ ಈ ಕಾಗದ ಕೊಟ್ಟು.

ವಿಳಾಸವನ್ನು ಮೊದಲು ಓದಿ. ಒಡೆಯ ಮತ್ತು ದಾಸನ ನಡುವಿನ ಖಾಸಗಿ ವ್ಯವಹಾರ, ಆದರೆ ಕಾಗದ ಫಿಲೆಮೋನನೊಬ್ಬನಿಗೇ ಅಲ್ಲ, ಅಪ್ಫಿಯಳಿಗೆ, ಅರ್ಖಿಪ್ಪನಿಗೆ, "ನಿನ್ನ ಮನೆಯಲ್ಲಿ ಕೂಡುವ ಸಭೆಗೆ". ಅಂದರೆ ಎಲ್ಲರ ಮುಂದೆ ಓದುವ ಕಾಗದ. ಫಿಲೆಮೋನ ಏನು ಮಾಡುತ್ತಾನೆಂದು ಇಡೀ ಕೂಟ ನೋಡುತ್ತಿರುತ್ತದೆ, ಓನೇಸಿಮನೂ ಬಾಗಿಲಲ್ಲಿ ನಿಂತಿರುತ್ತಾನೆ. ಪೌಲ ಆಜ್ಞೆ ಮಾಡುವುದಿಲ್ಲ, ಮಾಡಬಹುದಿತ್ತು ಎಂದು ನೆನಪಿಸುವುದನ್ನು ಬಿಡುವುದೂ ಇಲ್ಲ. ಓನೇಸಿಮ ಎಂಬ ಹೆಸರಿನ ಅರ್ಥ ಉಪಯುಕ್ತ. ಆಗ ನಿಷ್ಪ್ರಯೋಜಕ, ಈಗ ನಿನಗೂ ನನಗೂ ಪ್ರಯೋಜಕ ಎಂದು ಪದದಾಟ ಆಡುತ್ತಾನೆ. ಆಮೇಲೆ ಬರುತ್ತದೆ ನಿಜವಾದ ಕೋರಿಕೆ: ಅವನನ್ನು ಇನ್ನು ದಾಸನಂತೆ ನೋಡದೆ ಪ್ರಿಯ ಸಹೋದರನಾಗಿ ಸೇರಿಸಿಕೊ. ಕರ್ತನಲ್ಲಿ ಮಾತ್ರವಲ್ಲ, 'ಶರೀರಸಂಬಂಧವಾಗಿಯೂ'. ಭಾನುವಾರಕ್ಕೊಂದು ಸಂಬಂಧ, ಸೋಮವಾರಕ್ಕೊಂದು ಎನ್ನುವ ದಾರಿಯನ್ನು ಆ ಒಂದು ಪದ ಮುಚ್ಚುತ್ತದೆ.

ಆಗಿರುವ ನಷ್ಟ? ಅವನಿಂದ ಬರಬೇಕಾದದ್ದು ಏನಾದರೂ ಇದ್ದರೆ ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ ಎಂದು ಪೌಲ ಸ್ವಂತ ಕೈಯಿಂದ ಬರೆದು ಕೊಡುತ್ತಾನೆ. ಇದು ಹೆಚ್ಚುಕಡಿಮೆ ಸಾಲಪತ್ರ. ಮೂರನೆಯವನೊಬ್ಬ ನಡುವೆ ಬಂದು, ಇಬ್ಬರ ನಡುವಿನ ಸಾಲಕ್ಕೆ ತನ್ನ ಹೆಸರು ಬರೆದ. ಚರ್ಚು ಕುಟುಂಬ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ವಿವರಣೆ ನನಗೆ ಸಿಕ್ಕಿಲ್ಲ. "ಕ್ಷಮಿಸಿಬಿಡಪ್ಪಾ" ಎಂದು ನೊಂದವನಿಗೆ ಹೇಳುವುದು ಸುಲಭ, ಬಿಟ್ಟಿ. ನಷ್ಟದಲ್ಲಿ ನನ್ನ ಪಾಲೆಷ್ಟು ಎಂದು ಕೇಳುವುದು ದುಬಾರಿ. ಕೊನೆಯಲ್ಲಿ ಪೌಲ, ನನಗೊಂದು ಬಿಡಾರ ಸಿದ್ಧಮಾಡು ಎಂದೂ ಸೇರಿಸುತ್ತಾನೆ. ಬಂದು ನೋಡುತ್ತೇನೆ ಎಂದು ಅರ್ಥ!

ಕಾಗದದಲ್ಲಿ ಒಂದು ದೊಡ್ಡ ಕೊರತೆಯೂ ಇದೆ. ಅವನನ್ನು ಬಿಡುಗಡೆ ಮಾಡು ಎಂದು ಪೌಲ ನೇರವಾಗಿ ಎಲ್ಲೂ ಬರೆಯಲಿಲ್ಲ. ಅದಕ್ಕೇ ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಗುಲಾಮಗಿರಿಯ ಪರ ಇದ್ದವರೂ ವಿರೋಧಿಸಿದವರೂ ಇದೇ 25 ವಚನಗಳನ್ನು ಹಿಡಿದು ಬಡಿದಾಡಿದರು.

ಹನ್ನೆರಡು ವರ್ಷದ ಹೊಸ್ತಿಲು

ತಪ್ಪು ಒಬ್ಬರದಾಗಿದ್ದಾಗ ಇಷ್ಟು. ಅರ್ಧ ಸಭೆಯೇ ತಪ್ಪು ಮಾಡಿದರೆ? 250ರಲ್ಲಿ ರೋಮಿನ ದೆಸಿಯ ಚಕ್ರವರ್ತಿ, ಸಾಮ್ರಾಜ್ಯದ ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಮಾಡಿದ. ಅಂಥ ಪತ್ರಗಳು ನಲವತ್ತಕ್ಕೂ ಹೆಚ್ಚು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿವೆ. ಕೆಲವು ಕ್ರೈಸ್ತರು ಸತ್ತರು, ಕೆಲವರು ಸೆರೆ ಸೇರಿದರು. ಬಹಳ ಜನ ಬಲಿ ಅರ್ಪಿಸಿದರು, ಇನ್ನು ಕೆಲವರು ಲಂಚ ಕೊಟ್ಟು ಪತ್ರ ಮಾತ್ರ ಕೊಂಡುಕೊಂಡರು. ಬಿರುಗಾಳಿ ನಿಂತ ಮೇಲೆ ಇವರೆಲ್ಲ ಚರ್ಚಿನ ಬಾಗಿಲಿಗೆ ವಾಪಸ್ಸು ಬಂದರು.

ಉತ್ತರ ಆಫ್ರಿಕದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಸಂಕಟದಲ್ಲಿ ಸಿಕ್ಕಿಕೊಂಡ. ಅವನೇ ಆ ದಿನಗಳಲ್ಲಿ ತಲೆಮರೆಸಿಕೊಂಡಿದ್ದವನು, ಹಾಗಾಗಿ ಬುದ್ಧಿ ಹೇಳುವ ಅವನ ಬಾಯಿಗೆ ಬೆಲೆ ಕಡಿಮೆ. ಸೆರೆಯಲ್ಲಿ ಹಿಂಸೆ ತಡೆದುಕೊಂಡವರಿಗೆ ಮಾತ್ರ ಬಹಳ ಗೌರವ. ಅವರು ಉದಾರವಾಗಿ ಶಿಫಾರಸು ಪತ್ರ ಬರೆದುಕೊಡತೊಡಗಿದರು: ಇಂಥವನನ್ನು 'ಅವನ ಜನರ ಸಮೇತ' ಸೇರಿಸಿಕೊಳ್ಳಿ. ಅವನ ಜನರು ಎಂದರೆ ಯಾರು, ಒಂದೊಂದು ಚೀಟಿಯ ಹೆಸರಲ್ಲಿ ಇಪ್ಪತ್ತು ಮೂವತ್ತು ಜನ ಬಂದು ನಿಲ್ಲಬಹುದಲ್ಲ ಎಂದು ಸಿಪ್ರಿಯನ್ ಗೊಣಗಿದ.

ರೋಮಿನಲ್ಲಿ ನೊವಾಟಿಯನ್ ಎಂಬ ಗುರು ಇನ್ನೊಂದು ತುದಿ ಹಿಡಿದ. ದೇವರು ಇವರನ್ನು ಕ್ಷಮಿಸಬಹುದು, ಅದು ದೇವರಿಗೆ ಬಿಟ್ಟದ್ದು, ಆದರೆ ಚರ್ಚು ಮತ್ತೆ ಮೇಜಿಗೆ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನಕ್ಕೆ, ಸೇರಿಸಿಕೊಳ್ಳುವಂತಿಲ್ಲ. ಕ್ಷಮೆಯನ್ನೂ ಸೇರ್ಪಡೆಯನ್ನೂ ಇಷ್ಟು ನಿಖರವಾಗಿ ಬೇರ್ಪಡಿಸಿದವರು ಅಪರೂಪ, ಅಷ್ಟು ನಿರ್ದಯವಾಗಿ ಬೇರ್ಪಡಿಸಿದವರೂ. ಅವನ ಪಂಗಡ ಬೇರೆಯಾಗಿ ಶತಮಾನಗಳ ಕಾಲ ಉಳಿಯಿತು. 251ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪರು ನಡುದಾರಿ ಹಿಡಿದರು: ಪತ್ರ ಕೊಂಡವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಸೇರಿಸುವುದು, ಬಲಿ ಕೊಟ್ಟವರು ದೀರ್ಘ ಪ್ರಾಯಶ್ಚಿತ್ತದಲ್ಲಿ ಇರುವುದು, ಸಾಯುವ ಸ್ಥಿತಿ ಬಂದರೆ ಸೇರಿಸಿಕೊಳ್ಳುವುದು. ಎರಡು ವರ್ಷದೊಳಗೆ ಮತ್ತೊಂದು ಹಿಂಸೆಯ ಮೋಡ ಕಂಡಾಗ, ಪ್ರಾಯಶ್ಚಿತ್ತದಲ್ಲಿದ್ದ ಎಲ್ಲರಿಗೂ ಬಾಗಿಲು ತೆರೆದರು. ಹೋರಾಟಕ್ಕೆ ಹೋಗುವವರನ್ನು ಉಪವಾಸ ಕಳುಹಿಸಬಾರದು ಎಂಬುದು ಅವರ ತರ್ಕ.

ಬಿಷಪರು ಸೇರಿದ ನೈಸೀಯದ ಮಹಾಸಭೆ ಎಂದರೆ ವಿಶ್ವಾಸಪ್ರಮಾಣ ಮಾತ್ರ ನಮ್ಮ ನೆನಪಿಗೆ ಬರುತ್ತದೆ. 325ರ ಅದೇ ಸಭೆಯ 11ನೆಯ ನಿಯಮ ಓದಿದರೆ ಸೇರ್ಪಡೆ ಎನ್ನುವುದು ಕಣ್ಣಿಗೆ ಕಟ್ಟುತ್ತದೆ. ಬಲವಂತವಿಲ್ಲದೆಯೇ ನಂಬಿಕೆ ಬಿಟ್ಟು ಈಗ ಮನಸಾರೆ ಪಶ್ಚಾತ್ತಾಪಪಡುವವರು 3 ವರ್ಷ 'ಕೇಳುವವರ' ಜೊತೆ, 7 ವರ್ಷ 'ಅಡ್ಡಬೀಳುವವರ' ಜೊತೆ, ಇನ್ನೂ 2 ವರ್ಷ ಎಲ್ಲರೊಂದಿಗೆ ಪ್ರಾರ್ಥನೆಯಲ್ಲಿ, ಆದರೆ ಪ್ರಭುಭೋಜನವಿಲ್ಲದೆ. ಒಟ್ಟು 12 ವರ್ಷ. ಎಂಥ ಕ್ರೌರ್ಯ ಎನಿಸುತ್ತದೆ, ನನಗೂ ಅನ್ನಿಸಿತ್ತು. ಮುಂದಿನ ನಿಯಮಗಳನ್ನು ಓದಿದಾಗ ಬೇರೆಯದೂ ಕಂಡಿತು. ಪಶ್ಚಾತ್ತಾಪ ನಿಜವೆಂದು ಕಂಡರೆ ಬಿಷಪ್ ಉದಾರವಾಗಿ ನಡೆದುಕೊಳ್ಳಬಹುದು. ಸಾಯುತ್ತಿರುವವನಿಗೆ ಯಾವ ಕಾರಣಕ್ಕೂ ಕೊನೆಯ ಪ್ರಸಾದ ತಪ್ಪಿಸಬಾರದು. ಜೊತೆಗೆ, ಆ ಹನ್ನೆರಡು ವರ್ಷವೂ ಅವರು ಕಟ್ಟಡದ ಹೊರಗಿನ ಕತ್ತಲಲ್ಲಿ ಇರಲಿಲ್ಲ. ಅವರಿಗೊಂದು ನಿಗದಿಯಾದ ಜಾಗವಿತ್ತು, ಅವರಿಗಾಗಿ ಪ್ರಾರ್ಥನೆ ಇತ್ತು, ಹೊಸ್ತಿಲಿಂದ ಮೇಜಿನವರೆಗೆ ಗೊತ್ತಿರುವ ಹೆಜ್ಜೆಗಳಿದ್ದವು. ಇಂದು ತಪ್ಪು ಮಾಡಿ ಸಿಕ್ಕಿಬಿದ್ದವರು ಒಂದೋ ಮುಂದಿನ ಭಾನುವಾರವೇ ಮುಂದಿನ ಸಾಲಿನಲ್ಲಿ ಕೂರುತ್ತಾರೆ, ಇಲ್ಲವೇ ಚರ್ಚು ಬದಲಿಸಿ ಮಾಯವಾಗುತ್ತಾರೆ. ಹೊಸ್ತಿಲೇ ಇಲ್ಲದ ಮನೆ ನಮ್ಮದು.

ಬಹಿರಂಗ ಪ್ರಾಯಶ್ಚಿತ್ತ ಕ್ರಮೇಣ ಸವೆಯಿತು. ಐರ್ಲೆಂಡಿನ ಸನ್ಯಾಸಿಗಳು ಬೆಳೆಸಿದ, ಗುರುವೊಬ್ಬನ ಮುಂದೆ ಪಾಪ ಹೇಳಿಕೊಳ್ಳುವ ಖಾಸಗಿ ಪಾಪನಿವೇದನೆ ಯುರೋಪಿನಲ್ಲಿ ಹಬ್ಬಿತು, 1215ರ ನಾಲ್ಕನೆಯ ಲ್ಯಾಟರನ್ ಸಭೆ ಅದನ್ನು ವರ್ಷಕ್ಕೊಮ್ಮೆ ಕಡ್ಡಾಯ ಮಾಡಿ, ಗುಟ್ಟು ಒಡೆದ ಗುರುವಿಗೆ ಶಿಕ್ಷೆಯನ್ನೂ ವಿಧಿಸಿತು. ಮಾನ ಉಳಿಯಿತು. ಆದರೆ ತಪ್ಪು ಮಾಡಿದವನ ಜೊತೆ ಹೊಸ್ತಿಲಲ್ಲಿ ನಿಲ್ಲುವ ಹೊಣೆ ಸಭೆಯ ಕೈಯಿಂದ ಜಾರಿತು.

ಮೇಜಿಗೆ ಮುಂಚೆ

ಎಲ್ಲ ಕಡೆ ಜಾರಲಿಲ್ಲ. ಪೂರ್ವದ ಆರ್ಥೊಡಾಕ್ಸ್ ಚರ್ಚುಗಳಲ್ಲಿ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಾದ ಮಹಾ ತಪಸ್ಸುಕಾಲ ಶುರುವಾಗುವ ಮುನ್ನಿನ ಭಾನುವಾರಕ್ಕೆ ಕ್ಷಮೆಯ ಭಾನುವಾರ ಎಂದೇ ಹೆಸರು. ಸಂಜೆಯ ಪ್ರಾರ್ಥನೆಯ ಕೊನೆಗೆ ಗುರುವೇ ಮೊದಲು ಜನರ ಮುಂದೆ ಬಾಗಿ ಕ್ಷಮೆ ಕೇಳುತ್ತಾನೆ. ಬಳಿಕ ಒಬ್ಬೊಬ್ಬರೂ ಪ್ರತಿಯೊಬ್ಬರ ಎದುರು ನಿಂತು "ನನ್ನನ್ನು ಕ್ಷಮಿಸು" ಎನ್ನಬೇಕು, "ದೇವರು ಕ್ಷಮಿಸುತ್ತಾನೆ" ಎಂಬ ಉತ್ತರ ಪಡೆಯಬೇಕು. ಗಂಡ ಹೆಂಡತಿಗೆ, ಅಪ್ಪ ಮಗನಿಗೆ, ಮಾತು ಬಿಟ್ಟ ನೆರೆಯವನು ನೆರೆಯವನಿಗೆ. ಸಾಲು ತಿರುಗಿ ತಿರುಗಿ ಬರುವುದರಿಂದ ಯಾರನ್ನೂ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಯಾವುದಕ್ಕೆ ಕ್ಷಮೆ ಎಂದು ಯಾರೂ ಹೇಳುವುದಿಲ್ಲ, ಅದು ಈ ಆಚರಣೆಯ ಅನುಕೂಲವೂ ಹೌದು, ದೌರ್ಬಲ್ಯವೂ ಹೌದು.

ಆಧುನಿಕ ಸೌಕರ್ಯಗಳಿಂದ ದೂರವಿದ್ದು ಬಾಳುವ ಆಮಿಶ್ ಎಂಬ ಕ್ರೈಸ್ತ ಪಂಗಡದವರು ವರ್ಷಕ್ಕೆ ಎರಡು ಸಲ ಪ್ರಭುಭೋಜನ ಆಚರಿಸುತ್ತಾರೆ. ಅದಕ್ಕೆ ಎರಡು ವಾರ ಮೊದಲು ಇಡೀ ಸಭೆ ಕೂತು, ಒಬ್ಬರಿಗೊಬ್ಬರು ಸಮಾಧಾನದಲ್ಲಿದ್ದೇವೆಯೇ ಎಂದು ವಿಚಾರಿಸಿಕೊಳ್ಳುತ್ತದೆ. ಇಲ್ಲ ಎಂದಾದರೆ ಭೋಜನವೇ ಮುಂದಕ್ಕೆ ಹೋಗಬಹುದು. ಬಲಿಪೀಠದ ಮುಂದೆ ನಿನ್ನ ಕಾಣಿಕೆಯನ್ನು ಬಿಟ್ಟು ಮೊದಲು ಸಹೋದರನ ಬಳಿ ಹೋಗು ಎಂಬ ಯೇಸುವಿನ ಮಾತನ್ನು ಅಕ್ಷರಶಃ ತೆಗೆದುಕೊಂಡವರು ಇವರು.

2006ರ ಅಕ್ಟೋಬರ್ 2ರಂದು ಅಮೆರಿಕದ ಪೆನ್ಸಿಲ್ವೇನಿಯದ ನಿಕೆಲ್ ಮೈನ್ಸ್ ಎಂಬಲ್ಲಿ ಹೊರಗಿನವನೊಬ್ಬ ಆಮಿಶ್ ಶಾಲೆಗೆ ನುಗ್ಗಿ 10 ಹುಡುಗಿಯರಿಗೆ ಗುಂಡಿಕ್ಕಿ ತಾನೂ ಸತ್ತ. ಐದು ಮಕ್ಕಳು ತೀರಿಕೊಂಡರು. ಕೆಲವೇ ಗಂಟೆಗಳಲ್ಲಿ ಆಮಿಶ್ ನೆರೆಹೊರೆಯವರು ಕೊಂದವನ ಹೆಂಡತಿಯ ಮನೆಗೆ ಹೋದರು. ಅವನ ಅಂತ್ಯಕ್ರಿಯೆಗೂ ಹೋದರು. ತಮಗಾಗಿ ಬಂದ ಸಹಾಯನಿಧಿಯಲ್ಲಿ ಅವನ ಕುಟುಂಬಕ್ಕೂ ಪಾಲು ಕೊಟ್ಟರು. ಜಗತ್ತು ಬೆರಗಾಯಿತು. ಆದರೆ ದೀಕ್ಷಾಸ್ನಾನದ ಪ್ರತಿಜ್ಞೆ ಮುರಿದ ತಮ್ಮದೇ ಸದಸ್ಯನೊಂದಿಗೆ ಒಂದೇ ಮೇಜಿನಲ್ಲಿ ಉಣ್ಣದೆ ದೂರ ಇಡುವವರೂ ಇವರೇ, 1693ರ ಒಡಕಿನಲ್ಲಿ ಪಂಗಡ ಹುಟ್ಟಿದ್ದರಲ್ಲಿ ಈ ಬಹಿಷ್ಕಾರದ ವಾದವೇ ದೊಡ್ಡದಿತ್ತು. ಕೊಲೆಗಾರನಿಗೆ ಸಿಕ್ಕಿದ್ದು ಮಗನಿಗೆ ಏಕಿಲ್ಲ? ಕೊಲೆಗಾರನ ವಿಷಯದಲ್ಲಿ ಅವರು ಹಗೆ ಮಾತ್ರ ಬಿಡಬೇಕಿತ್ತು, ಮೇಜಿನ ಪ್ರಶ್ನೆ ಇರಲಿಲ್ಲ. ಮಗನ ವಿಷಯದಲ್ಲಿ ಮೇಜೇ ಪ್ರಶ್ನೆ. ಒಳಗಿನವರನ್ನು ಕ್ಷಮಿಸುವುದು ಹೊರಗಿನವರನ್ನು ಕ್ಷಮಿಸುವುದಕ್ಕಿಂತ ಕಷ್ಟ ಎನ್ನುವುದು ಇದಕ್ಕೇ.

ಬೀಗದ ಕೈ

ಈ ಮೂರನ್ನೂ ಕಲಸಿಬಿಟ್ಟಾಗ ಆಗುವ ಅನಾಹುತ ನಮ್ಮ ಕಾಲದ್ದೇ. ಮಕ್ಕಳ ಮೇಲೆ ದೌರ್ಜನ್ಯ ಎಸಗಿದ ಗುರುಗಳನ್ನು, ಪಶ್ಚಾತ್ತಾಪಪಟ್ಟಿದ್ದಾರೆ ಎಂದು ಇನ್ನೊಂದು ಧರ್ಮಕೇಂದ್ರಕ್ಕೆ ವರ್ಗ ಮಾಡಿದ ಪ್ರಕರಣಗಳು ಹಲವು ದೇಶಗಳಲ್ಲಿ ಹೊರಬಂದವು. ಕ್ಷಮೆಯ ಹೆಸರಿನಲ್ಲಿ ಬೀಗದ ಕೈಯನ್ನೇ ಕೊಟ್ಟರು. 2002ರಲ್ಲಿ ಡಲ್ಲಾಸಿನಲ್ಲಿ ಸೇರಿದ ಅಮೆರಿಕದ ಕಥೋಲಿಕ ಬಿಷಪರು, ಇಂಥ ಒಂದೇ ಒಂದು ಕೃತ್ಯ ಸಾಬೀತಾದರೂ ಅವರನ್ನು ಸೇವೆಯಿಂದ ಶಾಶ್ವತವಾಗಿ ತೆಗೆಯಬೇಕೆಂದು ಒಪ್ಪಿದರು. ಪಾಪಕ್ಕೆ ಕ್ಷಮೆ ಇಲ್ಲ ಎಂದು ಅದರ ಅರ್ಥವಲ್ಲ. ಕ್ಷಮೆ ಸಿಕ್ಕಿತೆಂದು ಪದವಿ ವಾಪಸ್ಸು ಬರುವುದಿಲ್ಲ, ಅಷ್ಟೆ. ಪದವಿ ಯಾರ ಜನ್ಮಸಿದ್ಧ ಹಕ್ಕೂ ಆಗಿರಲಿಲ್ಲ.

ಮನೆಯೊಳಗಿನ ಹೊಡೆತ ಬಡಿತದ ವಿಷಯದಲ್ಲಿ ಈ ಕಲಸುವಿಕೆ ಇನ್ನೂ ಮೆತ್ತಗೆ ನಡೆಯುತ್ತದೆ. "ಕ್ಷಮಿಸು ತಾಯಿ, ಎಪ್ಪತ್ತೇಳು ಸಲ" ಎಂದು ಪೆಟ್ಟು ತಿಂದವಳಿಗೆ ಹೇಳಿ ಅದೇ ಮನೆಗೆ ಕಳುಹಿಸುವ ಸಲಹೆ. ಅವಳು ಹಗೆ ಬಿಡಬಹುದು, ಬಿಡಲು ವರ್ಷಗಳೂ ಹಿಡಿಯಬಹುದು, ಅದು ಅವಳ ಮತ್ತು ದೇವರ ನಡುವಿನದು. ವಾಪಸ್ಸು ಹೋಗಬೇಕೇ ಎಂಬುದು ಬೇರೆಯೇ ಪ್ರಶ್ನೆ, ಪೊಲೀಸರಿಗೆ ದೂರು ಕೊಡುವುದು ಕ್ಷಮೆಗೆ ವಿರುದ್ಧವೂ ಅಲ್ಲ. ಅವಳಿಗೆ ಸಲಹೆ ಕೊಟ್ಟವರು ಅವಳ ನಷ್ಟದಲ್ಲಿ ಯಾವ ಪಾಲನ್ನೂ ಹೊತ್ತಿಲ್ಲ ಎಂಬುದನ್ನು ಗಮನಿಸಿ. ಉಳಿಯಲು ಒಂದು ಕೋಣೆ, ಮಕ್ಕಳ ಶಾಲೆಯ ಫೀಸು, ನ್ಯಾಯಾಲಯಕ್ಕೆ ಜೊತೆಗೆ ಬರುವ ಒಬ್ಬರು, ಇವು ಇಲ್ಲದ ಕಡೆ "ನಾವು ಒಂದೇ ಕುಟುಂಬ" ಎನ್ನುವುದು ಪೌಲನ ಸಹಿಯಿಲ್ಲದ ಸಾಲಪತ್ರ.

ಕಳೆದುಹೋದ ಮಗನ ಸಾಮ್ಯ ಎಲ್ಲರಿಗೂ ಗೊತ್ತು, ಆದರೆ ಅದರ ಆಸ್ತಿಯ ಲೆಕ್ಕವನ್ನು ಗಮನಿಸುವವರು ಕಡಿಮೆ. ಕಿರಿಯವನು ಪಾಲು ಕೇಳಿದಾಗ ತಂದೆ ಬದುಕನ್ನು 'ಅವರಿಗೆ' ಹಂಚಿಕೊಟ್ಟ ಎಂದು ಲೂಕ ಬರೆಯುತ್ತಾನೆ, ಇಬ್ಬರಿಗೂ. ಕಿರಿಯವನ ಪಾಲು ದೂರದೇಶದಲ್ಲಿ ಕರಗಿತು, ಬರಿಗೈಯಲ್ಲಿ ಮರಳಿದ ಅವನಿಗೆ ತಂದೆ ಔತಣ ಮಾಡಿಸಿದ. ಮನೆಯಲ್ಲಿ ಉಳಿದದ್ದೆಲ್ಲ ಹಿರಿಯವನದು. ಕೊಬ್ಬಿದ ಕರು ಅವನದು. ತಮ್ಮನಿಗೆ ಉಡಿಸಿದ ಶ್ರೇಷ್ಠ ನಿಲುವಂಗಿ, ಬೆರಳಿಗೆ ಹಾಕಿದ ಉಂಗುರ, ಲೆಕ್ಕದಲ್ಲಿ ಎಲ್ಲವೂ ಅವನ ಪಾಲಿನಿಂದಲೇ ಹೋದವು, ಅವನನ್ನು ಒಂದು ಮಾತೂ ಕೇಳದೆ. ಹೊಲದಿಂದ ಬಂದವನು ವಾದ್ಯದ ಸದ್ದು ಕೇಳಿ ಅಂಗಳದಲ್ಲೇ ನಿಲ್ಲುತ್ತಾನೆ. ಸ್ನೇಹಿತರ ಜೊತೆ ಹಬ್ಬ ಮಾಡಲು ನನಗೊಂದು ಆಡುಮರಿಯನ್ನೂ ಕೊಡಲಿಲ್ಲ, "ಈ ನಿನ್ನ ಮಗ" ಬಂದಕೂಡಲೇ ಕರು ಕೊಯ್ಸಿದೆ ಎನ್ನುತ್ತಾನೆ. ತಮ್ಮ ಎನ್ನಲು ಬಾಯಿ ಬರುವುದಿಲ್ಲ. ತಂದೆ ಅವನ ಸಿಟ್ಟು ತಪ್ಪು ಎನ್ನುವುದಿಲ್ಲ. ನನ್ನದೆಲ್ಲಾ ನಿನ್ನದೇ ಎಂದು ಲೆಕ್ಕವನ್ನು ಒಪ್ಪಿಕೊಳ್ಳುತ್ತಾನೆ, ಆಮೇಲೆ ಒಂದೇ ಪದ ತಿದ್ದುತ್ತಾನೆ: "ಈ ನಿನ್ನ ತಮ್ಮ". ಅಲ್ಲಿಗೆ ಕಥೆ ನಿಲ್ಲುತ್ತದೆ. ಹಿರಿಯವನು ಒಳಗೆ ಹೋದನೋ ಇಲ್ಲವೋ ಲೂಕ ಬರೆದಿಲ್ಲ. ಒಳಗೆ ಅವನ ಕರುವಿನ ಊಟ ನಡೆಯುತ್ತಿದೆ, ತಂದೆ ಇನ್ನೂ ಅಂಗಳದಲ್ಲೇ ಅವನ ಜೊತೆ ನಿಂತಿದ್ದಾನೆ.